ಟೆರರ್ ಬೈ ನೈಟ್ (1946): ಕಳ್ಳನ್ನ ನೀವು ಎಲ್ಲಿ ಹಿಡಿದಿರಿ? ಹಿಡೀಲಿಲ್ಲ ಅಂದ್ರೆ ಅದು ಮೋಸಾನಾ?

ರೀಲು ಡಬ್ಬಿ:
ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಕಥೆಯ ಗುಟ್ಟು ಪೂರ್ತಿ ಬಿಚ್ಚಿಡ್ತೀವಿ. ನೋಡದೇ ಇರೋರು ದಯವಿಟ್ಟು ಸಿನಿಮಾ ನೋಡಿ ಬನ್ನಿ. ಹೆಚ್ಚೇನಲ್ಲ, ಒಂದೇ ಗಂಟೆ.

ವಿಷಯ ಏನಂದ್ರೆ, ಮೊನ್ನೆ ಭಾನುವಾರ ರಾತ್ರಿ ನಮ್ಮ ಭಾವ ಮನೆಗೆ ಬಂದಿದ್ರು. ಊಟ ಆದ್ಮೇಲೆ ಬೇಸಿಲ್ ರಾಥ್‌ಬೋನ್ ಮಾಡಿರೋ ಷರ್ಲಾಕ್ ಹೋಮ್ಸ್ ಚಿತ್ರ ಹಾಕಿದೆ. ಲಂಡನ್ನಿಂದ ಎಡಿನ್‌ಬರೋಗೆ ಹೋಗೋ ರಾತ್ರಿ ರೈಲು. ಲೇಡಿ ಮಾರ್ಗರೆಟ್ ಅನ್ನೋ ಹೆಂಗಸಿನ ಹತ್ರ ಸ್ಟಾರ್ ಆಫ್ ರೊಡೇಷಿಯಾ ಅನ್ನೋ ವಜ್ರ. ಅದನ್ನ ಕಾಯೋಕೆ ಅವಳ ಮಗ ರೋಲಂಡ್ ಹೋಮ್ಸನ್ನ ಕರೆಸಿರ್ತಾನೆ. ರೈಲು ಹೊರಟು ಸ್ವಲ್ಪ ಹೊತ್ತಿಗೇ ಆ ಮಗ ಸತ್ತು ಬಿದ್ದಿರ್ತಾನೆ, ವಜ್ರ ಮಾಯ. ಹಿಂದಿರೋನು ಕರ್ನಲ್ ಸೆಬಾಸ್ಟಿಯನ್ ಮೊರಾನ್ ಅಂತ ಹೋಮ್ಸ್‌ಗೆ ಗೊತ್ತು, ಆದ್ರೆ ಅವನ ಮುಖ ಯಾರೂ ನೋಡಿಲ್ಲ. ಕೊನೆಗೆ ನೋಡಿದ್ರೆ ಹೋಮ್ಸ್‌ನ ಜೊತೆಗಾರ ವಾಟ್ಸನ್ನಿನ ಕ್ಲಬ್ಬಿನ ಗೆಳೆಯ ಮೇಜರ್ ಡಂಕನ್-ಬ್ಲೀಕ್ ಅನ್ನೋ ಸಭ್ಯ ಮನುಷ್ಯನೇ ಮೊರಾನ್.

ಮುಗಿದ ತಕ್ಷಣ ಭಾವ "ಇದು ಮೋಸ" ಅಂದ್ರು. ಒಂದು ಸುಳಿವೂ ಕೊಡದೆ ಕೊನೇಲಿ ಒಬ್ಬನ್ನ ಎಳೆದು ನಿಲ್ಲಿಸಿದ್ರೆ ಅದು ಪತ್ತೇದಾರಿನಾ ಅಂತ. ಜೊತೆಗೆ "ನಾಲ್ಕು ಬಾಗಿಲು, ಒಂದು ಕಾರಿಡಾರು, ಇಷ್ಟರಲ್ಲೇ ಸಿನಿಮಾ ಮುಗಿಸಿದ್ದಾರೆ, ದುಡ್ಡಿಲ್ಲದೇ ಇದ್ದೋರು ಯಾಕೆ ಮಾಡ್ಬೇಕಿತ್ತು" ಅಂತ ಬೇರೆ. ನನಗೆ ಆ ಮಾತು ತುಂಬಾ ಚುಚ್ಚಿತು. ನಾನು ಈ ಚಿತ್ರವನ್ನ ಕನಿಷ್ಠ ಏಳೆಂಟು ಸಲ ನೋಡಿದ್ದೀನಿ. ದುಡ್ಡಿಲ್ಲದೇ ಇದ್ದದ್ದೇ ಇದಕ್ಕೆ ಒಳ್ಳೇದಾಯ್ತು ಅನ್ನೋನು ನಾನು.

ನಿಮ್ಮ ಅನುಭವ ಹೇಳಿ. ಎಲ್ಲಿ ಹಿಡಿದಿರಿ? ಹಿಡೀಲಿಲ್ಲ ಅಂದ್ರೆ ಮೋಸ ಹೋದೆ ಅನ್ನಿಸ್ತಾ?

ತುಂಗೆ ದಡ:
ಊಟದ ಬೋಗಿಯಲ್ಲೇ ಹಿಡಿದೆ. ಉಳಿದ ಪ್ರಯಾಣಿಕರಿಗೆಲ್ಲ ಏನೋ ಒಂದು ಅಂಜಿಕೆ, ಮುಚ್ಚುಮರೆ ಇರುತ್ತೆ. ಇವನೊಬ್ಬನಿಗೆ ಏನೂ ಇಲ್ಲ. ಆರಾಮಾಗಿ ಕೂತಿರ್ತಾನೆ. ಪತ್ತೇದಾರಿ ಕಥೆಯಲ್ಲಿ ಅಷ್ಟು ಆರಾಮಾಗಿರೋನು ಒಬ್ಬನೇ.

ಧಾರವಾಡದಾಂವ:
ನಿಮ್ಮ ಭಾವ ಹೇಳಿದ್ದು ಖರೇ ಅದ ನೋಡ್ರಿ. ಊಹೆ ಮಾಡೂದು ಬ್ಯಾರೆ, ಪತ್ತೆ ಮಾಡೂದು ಬ್ಯಾರೆ. "ಇವನ ಮ್ಯಾಲ ಸಂಶಯ ಬಂತು" ಅಂದ್ರ ಅದು ಪತ್ತೆ ಅಲ್ಲ. ಹೋಮ್ಸ್‌ಗ ಏನ ಕಾಣಸ್ತದೋ ಅದು ನಮಗೂ ಕಾಣಸಬೇಕು. ಆಮ್ಯಾಲ ಅಂವ ಗೆಲ್ಲಲಿ, ನಾವು ಸೋಲೋಣ. ಈ ಪಿಚ್ಚರ್‌ನ್ಯಾಗ ಡಂಕನ್-ಬ್ಲೀಕ್ ಬೂಟಿಗೆ ಮಣ್ಣಿಲ್ಲ, ಕೈಗೆ ಗಾಯ ಇಲ್ಲ, ಮಾತಿನ್ಯಾಗ ತಪ್ಪಿಲ್ಲ. ಏನ ಹಿಡಕೊಂಡು ಪತ್ತೆ ಮಾಡೂದ್ರಿ?

ಹೋಮ್ಸನ ಕಥಿ ಓದಿ ಬೆಳದಾಂವ ನಾನು. ಟೋಪಿ ನೋಡಿ ಮನಷ್ಯಾನ ಜಾತಕ ಹೇಳಾಂವ ಅಂವ. ಈ ಪಿಚ್ಚರ್‌ನ್ಯಾಗ ಅಂವ ಬಾಗಿಲಾ ತಗೀತಾನ, ಬಾಗಿಲಾ ಹಾಕ್ತಾನ. ಮನಸಿಗೆ ಭಾಳ ಬ್ಯಾಸರಾತು.

ಸೀಬೇಕಾಯಿ:
ಧಾರವಾಡದವರೇ, ಹೋಮ್ಸ್ ಏನೂ ಮಾಡೋದೇ ಇಲ್ವಾ? ರೈಲಲ್ಲಿದ್ದ ಶವಪೆಟ್ಟಿಗೆಯಲ್ಲಿ ಗುಟ್ಟಾದ ಜಾಗ ಇದೆ ಅಂತ ಕಂಡುಹಿಡಿದಿದ್ದು ಯಾರು? ವಜ್ರ ಮೊದಲೇ ಬದಲಾಯಿಸಿ ನಕಲಿ ಇಟ್ಟಿದ್ದು ಯಾರು?

ಧಾರವಾಡದಾಂವ:
ವಜ್ರ ಬದಲಿ ಮಾಡಿದ್ದೂ ನಮಗ ತೋರಿಸ್ಲಿಲ್ಲಲ್ರಿ! ಆಮ್ಯಾಲ ಹೇಳ್ತಾನ. ನಾನೂ ಅದನ್ನ ಹೇಳಾಕತ್ತೇನಿ.

ಟೆಂಟ್ ಟಿಕೆಟ್:
ಸುಳಿವು ಇದೆ. ಕಥೆಯ ಒಳಗಲ್ಲ, ಹೊರಗೆ. ಡಂಕನ್-ಬ್ಲೀಕ್ ಪಾತ್ರ ಮಾಡಿರೋದು ಅಲನ್ ಮೌಬ್ರೆ. ಆ ಕಾಲದ ಪ್ರೇಕ್ಷಕರಿಗೆ ಚೆನ್ನಾಗಿ ಪರಿಚಯದ ಮುಖ. 1933ರ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಚಿತ್ರದಲ್ಲಿ ಇನ್ಸ್‌ಪೆಕ್ಟರ್ ಲೆಸ್ಟ್ರೇಡ್ ಮಾಡಿದ್ದೇ ಈತ. ಅಂಥ ನಟನ್ನ ಕರೆಸಿ, ಸುಮ್ಮನೆ ಕೂತು ಊಟ ಮಾಡೋ ಪಾತ್ರ ಕೊಡ್ತಾರಾ?

ನಮ್ಮಜ್ಜಿ ಮಂಡ್ಯ ಕಡೆಯವರು. ಟೆಂಟಲ್ಲಿ ಮರಳ ಮೇಲೆ ಚೌಕಾಬಾರಕ್ಕೆ ಕೂತ ಹಾಗೆ ಕಾಲು ಮಡಚಿ ಕೂತು ಸಿನಿಮಾ ನೋಡ್ತಿದ್ರು, ಪಕ್ಕದಲ್ಲಿ ನಾನು. ವಜ್ರಮುನಿ ತೆರೆ ಮೇಲೆ ಹಣೆಗೆ ವಿಭೂತಿ ಹಚ್ಚಿಕೊಂಡು, ಕೈ ಮುಗಿದುಕೊಂಡು ಬಂದ್ರೆ ಸಾಕು, ಅಜ್ಜಿ ನನ್ನ ತೊಡೆ ಹಿಂಡಿ "ಇವನೇ ಕಣೋ" ಅಂತಿದ್ರು. ಅವರು ಒಂದು ಸಲಾನೂ ತಪ್ಪಿದ್ದು ನನಗೆ ನೆನಪಿಲ್ಲ. ಅಜ್ಜಿಗೆ ಬೂಟಿನ ಮಣ್ಣು ಬೇಕಿರ್ಲಿಲ್ಲ, ಧಾರವಾಡದವರೇ.

ಧಾರವಾಡದಾಂವ:
ಅಜ್ಜಿಗೆ ನಮಸ್ಕಾರ ರೀ. ಆದ್ರ ಅಜ್ಜಿ ಹಿಡದದ್ದು ನಟನ್ನ, ಕಳ್ಳನ್ನ ಅಲ್ಲ.

ಕುಡ್ಲದ ಮೀನು:
ಮಾರಾಯ್ರೆ, ನಾನು ಸಿನಿಮಾ ನೋಡ್ಬೇಕು ಅಂತ ಈ ಚರ್ಚೆಗೆ ಬಂದದ್ದು. ಮೊದಲ ಪೋಸ್ಟಿನಲ್ಲೇ ಕಳ್ಳನ ಹೆಸರು ಹಾಕಿ ಆಯ್ತು. ಇನ್ನು ನೋಡಿ ಏನು ಪ್ರಯೋಜನ ಉಂಟು?

ರೀಲು ಡಬ್ಬಿ:
ಮೊದಲ ಸಾಲಲ್ಲೇ ಎಚ್ಚರಿಕೆ ಹಾಕಿದ್ದೆ ಅಲ್ವಾ? ಆದ್ರೂ ನೋಡಿ. ಗೊತ್ತಿದ್ದು ನೋಡಿದ್ರೆ ಬೇರೆಯದೇ ಸಿನಿಮಾ ಕಾಣುತ್ತೆ. ನೋಡಿದ್ಮೇಲೆ ಇಲ್ಲಿಗೇ ಬಂದು ಹೇಳಿ.

ಅಂಚೆ ಚೀಲ:
ಕುಡ್ಲದವರ ಸಂಕಟ ನನಗೆ ಅರ್ಥ ಆಗುತ್ತೆ. ನಮ್ಮೂರಲ್ಲಿ ದಿನಕ್ಕಿಷ್ಟು ಬಾಡಿಗೆ ಅಂತ ಪುಸ್ತಕ ಕೊಡೋ ಒಂದು ಲೈಬ್ರರಿ ಇತ್ತು. ಪತ್ತೇದಾರ ಪುರುಷೋತ್ತಮನ ಕಾದಂಬರಿಗಳು ಅಲ್ಲಿ ಸಾಲಾಗಿ ಇದ್ವು. ಎನ್. ನರಸಿಂಹಯ್ಯನವರು ಬರೆದದ್ದು ಐನೂರಕ್ಕೂ ಹೆಚ್ಚು, ಅದರಲ್ಲಿ ನಮ್ಮ ಕೈಗೆ ಸಿಕ್ಕಿದ್ದೆಲ್ಲ ಓದ್ತಿದ್ವಿ. ಒಂದು ಸಲ ತಂದ ಪುಸ್ತಕದಲ್ಲಿ ಶುರುವಿನ ಪುಟಗಳಲ್ಲೇ ಒಬ್ಬನ ಹೆಸರಿನ ಕೆಳಗೆ ಯಾರೋ ಪೆನ್ಸಿಲ್ಲಲ್ಲಿ ಗೆರೆ ಎಳೆದು "ಇವನೇ" ಅಂತ ಬರೆದಿದ್ರು. ರಬ್ಬರ್ ತಗೊಂಡು ಉಜ್ಜಿದೆ. ಸೀಸ ಹೋಯ್ತು, ಆದ್ರೆ ಒತ್ತಿ ಬರೆದದ್ದು ಹೋಗ್ಲಿಲ್ಲ. ದೀಪದ ಬೆಳಕು ಓರೆಯಾಗಿ ಬಿದ್ರೆ ಆ ಹಳ್ಳ ಕಾಣ್ತಿತ್ತು. ತಂಗಿಗೆ ಕೊಡೋವಾಗ ಆ ಪುಟಕ್ಕೆ ಗೋಂದು ಹಚ್ಚಿ ಇನ್ನೊಂದು ಕಾಗದ ಅಂಟಿಸಿ, ಮುಚ್ಚಿಹೋದ ಸಾಲನ್ನೆಲ್ಲ ನಾನೇ ಕೈಯಲ್ಲಿ ಬರೆದು ಕೊಟ್ಟಿದ್ದೆ.

ಸೀಬೇಕಾಯಿ:
ಅಂಚೆ ಚೀಲ ಅವರೇ, ಎಂಥ ಅಣ್ಣ ನೀವು!

ಅಂಚೆ ಚೀಲ:
ಅಕ್ಕ ಕಣ್ರೀ 🙂

ಮಲೆನಾಡ ಜಿಗಣೆ:
ನನ್ನ ಸಿಟ್ಟೆಲ್ಲ ವಾಟ್ಸನ್ ಮೇಲೆ. ಅಂದ್ರೆ ನೈಜೆಲ್ ಬ್ರೂಸ್ ಮಾಡಿರೋ ವಾಟ್ಸನ್ ಮೇಲೆ. ಮೂಲ ಕಥೆಗಳಲ್ಲಿ ವಾಟ್ಸನ್ ಸೇನೆಯ ವೈದ್ಯ, ಅಫ್ಘಾನ್ ಯುದ್ಧದಲ್ಲಿ ಮೈವಂದ್ ಕದನದಲ್ಲಿ ಗುಂಡು ತಿಂದು ಬಂದೋನು. ಇಡೀ ಕಥೆಯನ್ನ ನಮಗೆ ಹೇಳೋದೇ ಅವನು. ಅಂಥವನನ್ನ ಇಲ್ಲಿ ಗೊಣಗೋ, ಎಡವೋ, ಪೆದ್ದು ಮುದುಕ ಮಾಡಿಟ್ಟಿದ್ದಾರೆ. ಗಣಿತದ ಪ್ರೊಫೆಸರ್ ಒಬ್ಬರನ್ನ ವಿಚಾರಣೆ ಮಾಡೋಕೆ ಹೋಗಿ, ಆ ಪ್ರೊಫೆಸರೇ ತಿರುಗಿ ವಾಟ್ಸನ್ನನ್ನ ವಿಚಾರಣೆ ಮಾಡಿ ಕಳಿಸೋ ದೃಶ್ಯ ಇದೆಯಲ್ಲ, ಎಲ್ಲರೂ ನಗ್ತಾರೆ, ನನಗೆ ಸಂಕಟ ಆಗುತ್ತೆ. ವಾಟ್ಸನ್ ಪೆದ್ದ ಅನ್ನೋ ಕಲ್ಪನೆ ಅಷ್ಟು ವರ್ಷ ಜನರ ತಲೇಲಿ ಕೂತದ್ದು ಈ ಚಿತ್ರಗಳಿಂದಲೇ.

ತುಂಗೆ ದಡ:
ಆ ದೃಶ್ಯ ನನಗೆ ಅಚ್ಚುಮೆಚ್ಚು. ಅದಕ್ಕಿಂತ ಟೀಪಾಟ್ ಕದ್ದ ದಂಪತಿ ಇನ್ನೂ ಇಷ್ಟ. ಪಾಪ, ಹೋಟೆಲ್ಲಿಂದ ಒಂದು ಟೀಪಾಟ್ ಎತ್ಕೊಂಡು ಬಂದು, ಪೊಲೀಸರು ಅದಕ್ಕೇ ಬಂದಿದ್ದಾರೆ ಅಂತ ಹೆದರಿ ತಾವೇ ಒಪ್ಪಿಕೊಳ್ತಾರೆ. ಕೊಲೆ ನಡೆದ ರೈಲಲ್ಲಿ ಟೀಪಾಟಿನ ತಪ್ಪೊಪ್ಪಿಗೆ! ಅರವತ್ತು ನಿಮಿಷದ ಚಿತ್ರದಲ್ಲಿ ಇಂಥದ್ದಕ್ಕೂ ಜಾಗ ಮಾಡಿದ್ದಾರಲ್ಲ, ಅದು ಚಿತ್ರಕಥೆ ಬರೆದೋರ ಜಾಣ್ಮೆ. ಬರೆದದ್ದು ಫ್ರಾಂಕ್ ಗ್ರೂಬರ್, ಅಗ್ಗದ ಕಥಾಪತ್ರಿಕೆಗಳಿಗೆ ಪತ್ತೇದಾರಿ, ಕೌಬಾಯ್ ಕಥೆ ಎಲ್ಲ ಬರೀತಿದ್ದೋರು. ಪದಕ್ಕಿಷ್ಟು ಅಂತ ದುಡ್ಡು ತಗೊಂಡು ಬರೆದವರಿಗೆ ಒಂದು ಪುಟದಲ್ಲಿ ಒಬ್ಬ ಮನುಷ್ಯನನ್ನ ಕಟ್ಟೋದು ಗೊತ್ತಿರುತ್ತೆ.

ರೀಲು ಡಬ್ಬಿ:
ಜಿಗಣೆ ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದ್ರೆ ಈ ಒಂದು ಚಿತ್ರದ ಮಟ್ಟಿಗೆ ನನ್ನದೊಂದು ಮಾತು ಕೇಳಿ. ಇಲ್ಲಿ ಕಥೆ ನಿಂತಿರೋದೇ ವಾಟ್ಸನ್ನಿನ ನಂಬಿಕೆ ಮೇಲೆ. ಹೋಮ್ಸ್ ಎಲ್ಲರನ್ನೂ ಅನುಮಾನಿಸ್ತಾನೆ, ಡಂಕನ್-ಬ್ಲೀಕ್ ಮಾತ್ರ ಹೋಮ್ಸ್‌ನ ಪಕ್ಕದಲ್ಲೇ ಕೂರೋಕೆ ಆಗಿದ್ದು ಯಾಕೆ? ವಾಟ್ಸನ್ನಿನ ಗೆಳೆಯ ಅಂತ. ಅವನಿಗೆ ಸಿಕ್ಕ ಟಿಕೆಟ್ಟು ಅದು. ಬ್ರೂಸ್ ಅಷ್ಟು ಮುಗ್ಧವಾಗಿ, ಅಷ್ಟು ಪ್ರೀತಿಯಿಂದ ಗೆಳೆಯನ ಜೊತೆ ಮಾತಾಡದೇ ಹೋಗಿದ್ರೆ ನಾವೂ ಅವನನ್ನ ನಂಬ್ತಾನೇ ಇರ್ಲಿಲ್ಲ.

ಮಲೆನಾಡ ಜಿಗಣೆ:
ಹಾಗೆ ಯೋಚನೆ ಮಾಡಿರ್ಲಿಲ್ಲ. ಆದ್ರೂ ನಂಬೋನು ಪೆದ್ದನೇ ಆಗಬೇಕಿಲ್ಲ. ಬುದ್ಧಿವಂತ ವೈದ್ಯನೂ ಗೆಳೆಯನನ್ನ ನಂಬ್ತಾನೆ. ಹಾಗೆ ಮಾಡಿದ್ರೆ ಪೆಟ್ಟು ಇನ್ನೂ ಜೋರಾಗಿ ಬೀಳ್ತಿತ್ತು.

ಗಾರ್ಡ್ ಮಗ:
ನಾನು ರೈಲಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅದನ್ನ ಯಾರೂ ಮುಟ್ಟಿಲ್ಲ. ಹೊರಗಿನ ಶಾಟ್‌ಗಳನ್ನ ಗಮನಿಸಿ. ಒಂದು ಶಾಟಲ್ಲಿ ಒಂದು ಎಂಜಿನ್, ಮುಂದಿನದರಲ್ಲಿ ಬೇರೆ ಎಂಜಿನ್. ಬೋಗಿಗಳೂ ಬೇರೆ. ಹಳೇ ಚಿತ್ರಗಳಿಂದ, ಸ್ಟಾಕ್‌ನಿಂದ ತುಂಡು ತುಂಡು ತಂದು ಅಂಟಿಸಿದ್ದು. ನಮ್ಮಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ರು, ನನ್ನ ಜೊತೆ ಈ ಸಿನಿಮಾ ನೋಡೋವಾಗ ಮೂರು ಸಲ "ಎಂಜಿನ್ ಎಲ್ಲಿ ಬದಲಾಯಿಸಿದ್ರು?" ಅಂತ ಕೇಳಿದ್ರು.

ಆದ್ರೆ ಅದೇ ಅಪ್ಪ ಒಳಗಿನ ದೃಶ್ಯಗಳನ್ನ ಬಾಯಿ ಮುಚ್ಚಿಕೊಂಡು ನೋಡಿದ್ರು. ಶವಪೆಟ್ಟಿಗೆ ಸಾಮಾನಿನ ಬೋಗಿಯಲ್ಲಿ ಇರುತ್ತಲ್ಲ, ಆ ಭಾಗ ಬಂದಾಗ ಸಿನಿಮಾ ನಿಲ್ಲಿಸು ಅಂದ್ರು. ಅವರ ಕಾಲದಲ್ಲಿ ದೂರದೂರಲ್ಲಿ ಸತ್ತವರ ಪೆಟ್ಟಿಗೆ ಊರಿಗೆ ಹೋಗೋದು ಬ್ರೇಕ್ ವ್ಯಾನಿನಲ್ಲೇ. ಅಂದ್ರೆ ರಾತ್ರಿಯೆಲ್ಲ ಗಾರ್ಡ್ ಮತ್ತು ಆ ಪೆಟ್ಟಿಗೆ, ಇಬ್ಬರೇ. ಮೀಟರ್ ಗೇಜ್ ಗಾಡಿ ತೂಗೋ ತೂಗಿಗೆ ಪೆಟ್ಟಿಗೆಯ ಹಗ್ಗ ಕಿರ್ ಕಿರ್ ಅಂತಿತ್ತಂತೆ. ಅಪ್ಪ ತಮ್ಮ ಲೈನ್ ಬಾಕ್ಸನ್ನ (ಗಾರ್ಡ್‌ಗಳ ಸಾಮಾನಿನ ಟ್ರಂಕು) ಅದಕ್ಕೆ ಒತ್ತಿ ಇಟ್ಟು ಅಲುಗದ ಹಾಗೆ ಮಾಡಿ, ಕೈ ದೀಪವನ್ನ ಆ ಕಡೆಗೇ ತಿರುಗಿಸಿ ಇಡ್ತಿದ್ರಂತೆ. "ಹೆದರಿಕೆಗಲ್ಲ, ಅವರು ಕತ್ತಲಲ್ಲಿ ಒಬ್ಬರೇ ಹೋಗಬಾರದು ಅಂತ" ಅಂದ್ರು. ನನಗೆ ಐವತ್ತು ವರ್ಷ, ಈ ಮಾತನ್ನ ಮೊದಲ ಸಲ ಕೇಳಿದ್ದು ಆವತ್ತು.

ಟೆಂಟ್ ಟಿಕೆಟ್:
ಗಾರ್ಡ್ ಮಗ ಅವರೇ, ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಪ್ಪಾಜಿಗೆ ನನ್ನ ನಮಸ್ಕಾರ ಹೇಳಿ.

ಸೀಬೇಕಾಯಿ:
ಇದೇ ಕಥೆಯನ್ನ ನಮ್ಮ ರಾತ್ರಿ ರೈಲಿಗೆ ಹಾಕಿದ್ರೆ? ಬೆಂಗಳೂರು-ಹುಬ್ಬಳ್ಳಿ?

ಗಾರ್ಡ್ ಮಗ:
ಆ ಕಾಲದ ಗಾಡಿಯಲ್ಲಿ ಆಗ್ತಾನೇ ಇರ್ಲಿಲ್ಲ. ಒಂದು ಬೋಗಿಯಿಂದ ಇನ್ನೊಂದಕ್ಕೆ ಒಳಗಿಂದ ದಾರಿಯೇ ಇರ್ಲಿಲ್ಲ. ಟಿಟಿ ಕೂಡ ಸ್ಟೇಷನ್ ಬಂದಾಗ ಇಳಿದು, ಪ್ಲಾಟ್‌ಫಾರಂ ಮೇಲೆ ಓಡಿ ಮುಂದಿನ ಬೋಗಿ ಹತ್ತಬೇಕು. ಕಳ್ಳ, ಪೊಲೀಸ್, ಹೋಮ್ಸ್, ಎಲ್ಲರೂ ಅರಸೀಕೆರೆ ಬರೋ ತನಕ ಅವರವರ ಜಾಗದಲ್ಲಿ ಕೂತಿರಬೇಕು. ಇಂಗ್ಲೆಂಡಿನ ಗಾಡಿಯಲ್ಲಿ ಒಂದು ಪಕ್ಕಕ್ಕೆ ಉದ್ದಕ್ಕೂ ಕಾರಿಡಾರ್, ಇನ್ನೊಂದು ಪಕ್ಕಕ್ಕೆ ಬಾಗಿಲಿರೋ ಕಂಪಾರ್ಟ್‌ಮೆಂಟುಗಳು. ಕಥೆ ನಡೆಯೋದೇ ಆ ಕಾರಿಡಾರಿನಿಂದ. ಯಾರು ಯಾವ ಬಾಗಿಲಿಂದ ಬಂದ್ರು, ಯಾರು ದಾಟಿದ್ರು ಅನ್ನೋದೇ ಲೆಕ್ಕ. ಅದಕ್ಕೇ ರೀಲು ಡಬ್ಬಿಯವರ ಭಾವ "ನಾಲ್ಕು ಬಾಗಿಲು, ಒಂದು ಕಾರಿಡಾರು" ಅಂದಿದ್ದು ಬೈಗುಳ ಅಲ್ಲ, ಅದೇ ಚಿತ್ರ!

ಧಾರವಾಡದಾಂವ:
ಅರಸೀಕೆರಿ ಅಂದಕೂಡ್ಲೆ ಬಾಯಾಗ ನೀರ ಬಂತ್ರಿ. ಅರ್ಧ ರಾತ್ರಿಯೊಳಗ ವಡೆ, ಕಾಫಿ ಅಂತ ಕೂಗ್ಕೋತ ಬರ್ತಿದ್ರು. ಅಪ್ಪ ಕಿಡಕ್ಯಾಗಿಂದ ಕೈ ಚಾಚಿ ತಗೋತಿದ್ದ. ಎಲಿ ಇನ್ನೂ ಬಿಸಿ ಇರ್ತಿತ್ತು.

ಹಾಂ, ಒಂದು ಒಪ್ಕೋತೀನಿ. ಹೋಮ್ಸನ್ನ ಚಾಲೂ ಗಾಡಿಯಿಂದ ಹೊರಗ ದೂಡ್ತಾರಲ್ರಿ, ಅಂವ ಬಾಗಿಲಿಗೆ ಜೋತು ಬಿದ್ದು, ಗ್ಲಾಸ್ ಒಡದು ಒಳಗ ಬರ್ತಾನ. ಅದು ಮಾತ್ರ ಎದಿ ಹಿಡಿಸ್ತು.

ಹಲಸೂರು ಕೆರೆ:
ಇಷ್ಟೊತ್ತಾದ್ರೂ ಒಬ್ಬರೂ ಬೆಂಗಳೂರಿನ ವಿಷಯ ಎತ್ತಿಲ್ಲ ಅಂದ್ರೆ ಆಶ್ಚರ್ಯ. ಮೊರಾನ್ ಎಲ್ಲಿಯವನು ಅಂತ ಮೂಲ ಕಥೆಯಲ್ಲಿ ಇದೆ! ಕಾನನ್ ಡಾಯ್ಲ್ 1903ರಲ್ಲಿ ಪ್ರಕಟಿಸಿದ 'ದಿ ಎಂಪ್ಟಿ ಹೌಸ್' ಕಥೆ ತೆಗೀರಿ. ಹೋಮ್ಸ್ ತನ್ನ ಅಪರಾಧಿಗಳ ಪಟ್ಟಿಯಿಂದ ಮೊರಾನ್‌ನ ವಿವರ ತೆಗೆದು ವಾಟ್ಸನ್ ಕೈಗೆ ಕೊಡ್ತಾನೆ. ಹುಟ್ಟಿದ್ದು ಲಂಡನ್, 1840. ಓದಿದ್ದು ಈಟನ್, ಆಕ್ಸ್‌ಫರ್ಡ್. ಕೆಲಸ ಮಾಡಿದ್ದು: ಒಂದನೇ ಬೆಂಗಳೂರು ಪಯೋನೀರ್ಸ್. ನಮ್ಮ ಬೆಂಗಳೂರು! ಅವನು ಹುಲಿ ಬೇಟೆಗಾರ, ಗಾಯಗೊಂಡ ನರಭಕ್ಷಕನ ಹಿಂದೆ ಚರಂಡಿಯೊಳಗೆ ತೆವಳಿಕೊಂಡು ಹೋದೋನು ಅಂತ ಹೋಮ್ಸೇ ಹೇಳ್ತಾನೆ.

ನಾನು ಮೊದಲ ಸಲ ಇದನ್ನ ಓದಿದಾಗ ಹೈಸ್ಕೂಲಲ್ಲಿದ್ದೆ. ಹೋಮ್ಸ್‌ನ ಶತ್ರು ನಮ್ಮೂರ ಕಂಟೋನ್ಮೆಂಟಿನ ಬೀದಿಗಳಲ್ಲಿ ಓಡಾಡಿದ್ದಾನೆ ಅಂತ ಸೈಕಲ್ ತಗೊಂಡು ಕೆರೆ ಸುತ್ತ ಒಂದು ಸುತ್ತು ಹಾಕಿ ಬಂದೆ. ಮನೇಲಿ ಯಾರಿಗೂ ಹೇಳ್ಲಿಲ್ಲ.

ತುಂಗೆ ದಡ:
ಅಯ್ಯೋ! ಇದು ಗೊತ್ತೇ ಇರ್ಲಿಲ್ಲ. ಎರಡು ಸಲ ಓದಿದ ಕಥೆ.

ಹಳೇ ದಫ್ತರ:
ಸಣ್ಣ ತಿದ್ದುಪಡಿ. ಕೆಲವು ಮುದ್ರಣಗಳಲ್ಲಿ 'ಬ್ಯಾಂಗಲೋರ್' ಅಂತಿದೆ, ಇನ್ನು ಕೆಲವಲ್ಲಿ 'ಬೆಂಗಲೋರ್' ಅಂತಿದೆ. ಮತ್ತೆ, ಬ್ರಿಟಿಷ್ ಭಾರತದ ಸೇನೆಯಲ್ಲಿ ಆ ಹೆಸರಿನ ರೆಜಿಮೆಂಟೇ ಇರ್ಲಿಲ್ಲ, ಅದು ಡಾಯ್ಲ್ ಕಟ್ಟಿದ್ದು. ನಿಜವಾಗಿ ಇದ್ದದ್ದು ಮದ್ರಾಸ್ ಪಯೋನೀರ್ಸ್. ಸೈನ್ಯಕ್ಕಿಂತ ಮುಂದೆ ಹೋಗಿ ರಸ್ತೆ, ಸೇತುವೆ ಮಾಡೋರು. 1933ರಲ್ಲಿ ಅದನ್ನ ವಿಸರ್ಜನೆ ಮಾಡಿದ್ರು. ಹಲಸೂರು ಕೆರೆಯ ಪಕ್ಕ ಇವತ್ತಿಗೂ ಇರೋದು ಮದ್ರಾಸ್ ಸ್ಯಾಪರ್ಸ್, ಅದು ಬೇರೆ ದಳ.

ಹಲಸೂರು ಕೆರೆ:
ರೆಜಿಮೆಂಟ್ ಕಟ್ಟುಕಥೆ ಅಂತ ಗೊತ್ತು ಸಾರ್. ಆದ್ರೆ ಇಂಗ್ಲೆಂಡಿನಲ್ಲಿ ಕೂತ ಒಬ್ಬ ಲೇಖಕನಿಗೆ, ಭಾರತದಿಂದ ಬಂದ ಸೇನಾಧಿಕಾರಿ ಅಂದ್ರೆ ಬೆಂಗಳೂರು ಹೆಸರು ಬಾಯಿಗೆ ಬಂತಲ್ಲ, ಅಷ್ಟು ದೊಡ್ಡ ದಂಡು ಪ್ರದೇಶ ಆಗಿತ್ತು ಅಂತಲೇ ಅಲ್ವಾ? ಅಷ್ಟು ಸಾಕು ನನಗೆ.

ಮಲೆನಾಡ ಜಿಗಣೆ:
ಸ್ವಲ್ಪ ತಾಳಿ, ಇದರಲ್ಲಿ ಇನ್ನೊಂದು ಇದೆ. ಅದೇ ಪಟ್ಟಿಯಲ್ಲಿ ಮೊರಾನ್ ಅಫ್ಘಾನ್ ಯುದ್ಧದಲ್ಲಿದ್ದ ಅಂತಲೂ ಇದೆ, ಚರಾಸಿಯಾಬ್, ಶೇರ್‌ಪುರ್, ಕಾಬೂಲ್ ಅಂತ. ವಾಟ್ಸನ್ ಗಾಯಗೊಂಡಿದ್ದೂ ಅದೇ ಯುದ್ಧದಲ್ಲಿ! ಅಂದ್ರೆ ಇಬ್ಬರೂ ಒಂದೇ ಯುದ್ಧದ ಧೂಳು ಕುಡಿದೋರು. ಸಿನಿಮಾದವರು ಕಥೆಯನ್ನ 1940ರ ದಶಕಕ್ಕೆ ಎಳೆದು ತಂದಿದ್ದಕ್ಕೆ ಅಫ್ಘಾನ್ ಯುದ್ಧ ಬಿಟ್ಟುಹೋಗಿದೆ. ಆದ್ರೆ ಮೊರಾನ್‌ನ ಹೋಮ್ಸ್‌ನ ಶತ್ರುವಾಗಿ ಮಾತ್ರ ತರದೆ ವಾಟ್ಸನ್ನಿನ ಗೆಳೆಯನಾಗಿ ತಂದದ್ದು ಎಷ್ಟು ಸರಿಯಾಗಿ ಕೂತಿದೆ ನೋಡಿ. ಬ್ರೂಸ್ ಮೇಲಿನ ಸಿಟ್ಟು ಹಾಗೇ ಇದೆ. ಚಿತ್ರಕಥೆ ಮೇಲಿನದು ಹೋಯ್ತು.

ಟೆಂಟ್ ಟಿಕೆಟ್:
ಮೂಲದಿಂದ ಹೆಕ್ಕಿದ್ದು ಇನ್ನೂ ಇದೆ. ಶವಪೆಟ್ಟಿಗೆಯಲ್ಲಿ ಇನ್ನೊಬ್ಬನಿಗೆ ಗುಟ್ಟಾದ ಜಾಗ, ಅದು 1911ರ 'ಲೇಡಿ ಫ್ರಾನ್ಸಿಸ್ ಕಾರ್‌ಫ್ಯಾಕ್ಸ್' ಕಥೆಯ ದೊಡ್ಡ ಪೆಟ್ಟಿಗೆ. ವಿಷದ ಮುಳ್ಳು 1890ರ 'ದಿ ಸೈನ್ ಆಫ್ ಫೋರ್' ಕಾದಂಬರಿಯದು. ಮೊರಾನ್ ಅಂದ್ರೆ ಗಾಳಿ ಬಂದೂಕು, ಅದು 'ಎಂಪ್ಟಿ ಹೌಸ್'ನದು. ಇದ್ದಬದ್ದ ತುಂಡು ಸೇರಿಸಿ ನಮ್ಮಮ್ಮ ಹೊಲೀತಿದ್ದ ಕೌದಿ ಥರ. ಹತ್ತಿರದಿಂದ ನೋಡಿದ್ರೆ ಯಾವ ಸೀರೆ, ಯಾವ ಪಂಚೆ ಅಂತ ಹೇಳಬಹುದು. ಹೊದ್ದುಕೊಂಡ್ರೆ ಬೆಚ್ಚಗಿರುತ್ತೆ.

ಸೀಬೇಕಾಯಿ:
ಹೋಮ್ಸ್‌ನ ದೊಡ್ಡ ಶತ್ರು ಮೊರಿಯಾರ್ಟಿ ಎಲ್ಲಿ ಹೋದ? ಅವನ್ನೇ ತರಬಹುದಿತ್ತಲ್ಲ.

ರೀಲು ಡಬ್ಬಿ:
ಅವನು ಆಗಲೇ ಮೂರು ಸಲ ಸತ್ತಿದ್ದ! 1939ರ ಚಿತ್ರದಲ್ಲಿ ಜಾರ್ಜ್ ಜುಕೊ, 'ಸೀಕ್ರೆಟ್ ವೆಪನ್'ನಲ್ಲಿ ಲಯನಲ್ ಆಟ್‌ವಿಲ್, 1945ರ 'ದಿ ವುಮನ್ ಇನ್ ಗ್ರೀನ್'ನಲ್ಲಿ ಹೆನ್ರಿ ಡೇನಿಯಲ್. ಮೂರು ನಟರು, ಮೂವರೂ ಮೇಲಿಂದ ಬಿದ್ದೇ ಸಾಯ್ತಾರೆ. ಇನ್ನೊಂದು ಸಲ ಎಬ್ಬಿಸಿದ್ರೆ ಜನ ಒಪ್ತಿರ್ಲಿಲ್ಲ.

ಒಟ್ಟು ಹದಿನಾಲ್ಕು ಚಿತ್ರ. ಮೊದಲ ಎರಡು ಫಾಕ್ಸ್ ಕಂಪನಿಯವು, 1939ರಲ್ಲಿ. ಉಳಿದ ಹನ್ನೆರಡು ಯೂನಿವರ್ಸಲ್, 1942ರಿಂದ 1946. ನಮ್ಮ ಚಿತ್ರ ಹದಿಮೂರನೆಯದು. ಯೂನಿವರ್ಸಲ್‌ನ ಹನ್ನೆರಡರಲ್ಲಿ ಹನ್ನೊಂದನ್ನ ನಿರ್ದೇಶಿಸಿದ್ದು ರಾಯ್ ವಿಲಿಯಂ ನೀಲ್ ಒಬ್ಬರೇ. ಈ ಮನುಷ್ಯನ ಬಗ್ಗೆ ಯಾರೂ ಮಾತಾಡಲ್ಲ. ನಾಲ್ಕೇ ವರ್ಷದಲ್ಲಿ ಹನ್ನೊಂದು ಹೋಮ್ಸ್ ಚಿತ್ರ! 1946ರ ಡಿಸೆಂಬರಿನಲ್ಲಿ ತೀರಿಕೊಂಡ್ರು. ರಾಥ್‌ಬೋನ್ ಅದೇ ವರ್ಷ ಹೋಮ್ಸ್ ಪಾತ್ರಾನೇ ಬಿಟ್ಟುಬಿಟ್ರು, ಜನ ತನ್ನನ್ನ ಬೇರೆ ಯಾವ ಪಾತ್ರದಲ್ಲೂ ನೋಡ್ತಿಲ್ಲ ಅಂತ. ಬ್ರೂಸ್ ಮಾತ್ರ ರೇಡಿಯೋದಲ್ಲಿ ಇನ್ನೊಬ್ಬ ಹೋಮ್ಸ್ ಜೊತೆ ವಾಟ್ಸನ್ ಆಗಿ ಮುಂದುವರಿದ್ರು.

ಧಾರವಾಡದಾಂವ:
ಅದಕ್ಕಽ ರಾಥ್‌ಬೋನ್ ಮಾರಿ ಮ್ಯಾಲ ದಣಿವು ಕಾಣಸ್ತದ.

ತುಂಗೆ ದಡ:
ದಣಿವಲ್ಲ, ಅದು ರಾತ್ರಿ ರೈಲಲ್ಲಿ ನಿದ್ದೆಗೆಟ್ಟ ಮುಖ. ನನಗೆ ಸರಿಯಾಗಿಯೇ ಕಾಣುತ್ತೆ.

ಹಳೇ ದಫ್ತರ:
ಯಾವ ಪ್ರಿಂಟ್ ನೋಡಿದಿರಿ ಎಲ್ಲರೂ? ಇದು ಮುಖ್ಯ. ಅಮೆರಿಕದಲ್ಲಿ ಆಗ 28 ವರ್ಷ ಆದ್ಮೇಲೆ ಚಿತ್ರದ ಹಕ್ಕು (ಕಾಪಿರೈಟ್) ನವೀಕರಿಸಬೇಕಿತ್ತು. ಈ ಚಿತ್ರದ್ದು ಮಾಡ್ಲಿಲ್ಲ. ಅದಕ್ಕೇ ಅಂತರ್ಜಾಲದಲ್ಲಿ ಎಲ್ಲಿ ನೋಡಿದ್ರೂ ಸಿಗುತ್ತೆ, ಪ್ರತಿಯ ಪ್ರತಿಯ ಪ್ರತಿ. ಅದರಲ್ಲಿ ಕಾರಿಡಾರ್ ಅಂದ್ರೆ ಬೂದಿ, ನೆರಳು ಅಂದ್ರೆ ಮಸಿ. ಬಣ್ಣ ಬಳಿದ ಪ್ರತಿಯೂ ಇದೆ, ದಯವಿಟ್ಟು ಅದರ ಕಡೆ ಹೋಗಬೇಡಿ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಚಿತ್ರ ಸಂಗ್ರಹಾಲಯದವರು ಹನ್ನೆರಡನ್ನೂ ದುರಸ್ತಿ ಮಾಡಿದ್ದಾರೆ. ಅದರಲ್ಲಿ ನೋಡಿ. ಛಾಯಾಗ್ರಹಣ ಮೌರಿ ಗರ್ಟ್ಸ್‌ಮನ್ ಅವರದು. ಇಷ್ಟು ಅಗಲದ ಜಾಗದಲ್ಲಿ ದೀಪ ಇಡೋದಕ್ಕೇ ಜಾಗ ಇರಲ್ಲ, ಆದ್ರೂ ಒಂದೊಂದು ಮುಖಕ್ಕೆ ಒಂದೊಂದು ಥರ ಬೆಳಕು.

ರೀಲು ಡಬ್ಬಿ:
ಓಹೋ! ಭಾವನಿಗೆ ತೋರಿಸಿದ್ದು ಆ ಕೆಟ್ಟ ಪ್ರಿಂಟೇ. ನನ್ನ ತಪ್ಪು. ಒಳ್ಳೇದರಲ್ಲಿ ಇನ್ನೊಂದು ಸಲ ತೋರಿಸ್ತೀನಿ.

ಸೀಬೇಕಾಯಿ:
ಕೊನೆಯ ಗಲಾಟೆ ನನಗೆ ಪೂರ್ತಿ ಅರ್ಥ ಆಗಿಲ್ಲ. ದೀಪ ಆರುತ್ತೆ, ಹೊಡೆದಾಟ, ಆಮೇಲೆ ಇಳಿದು ಹೋಗೋನು ಯಾರು?

ಗಾರ್ಡ್ ಮಗ:
ದಾರಿಯಲ್ಲಿ ಗಾಡಿ ಹತ್ತೋ ಸ್ಕಾಟ್ಲೆಂಡಿನ ಇನ್ಸ್‌ಪೆಕ್ಟರ್ ಅಸಲಿ ಅಲ್ಲ, ಮೊರಾನ್‌ನ ಕಡೆಯವನು. ಹೋಮ್ಸ್‌ಗೆ ಅದು ಗೊತ್ತಾಗಿರುತ್ತೆ. ಕತ್ತಲಲ್ಲಿ ಹೊಡೆದಾಟ ಆದಾಗ ಆಳು ಬದಲಾಯಿಸ್ತಾನೆ. ಮೊರಾನ್ ಅಂತ ತಿಳಿದು ಆ ನಕಲಿ ಪೊಲೀಸರು ಮುಖ ಮುಚ್ಚಿ ಕರ್ಕೊಂಡು ಇಳಿಯೋದು, ಅದೇ ರೈಲಲ್ಲಿದ್ದ ಅಸಲಿ ಪೊಲೀಸ್ ಇನ್ಸ್‌ಪೆಕ್ಟರ್ ಲೆಸ್ಟ್ರೇಡನ್ನ! ಅಸಲಿ ಮೊರಾನ್ ಬೋಗಿಯಲ್ಲೇ ಬಿದ್ದಿರ್ತಾನೆ. ಅಪ್ಪ ಇಲ್ಲಿ ಚಪ್ಪಾಳೆ ಹೊಡೆದ್ರು. ಇಡೀ ಚಿತ್ರ ಎಲ್ಲರ ಕೈಲೂ ಬೈಸಿಕೊಂಡ ಲೆಸ್ಟ್ರೇಡ್‌ಗೆ ಕೊನೆಗೆ ಒಂದು ಕೆಲಸ ಸಿಕ್ಕಿತು ಅಂತ.

ಧಾರವಾಡದಾಂವ:
ನೋಡ್ರಿ, ನಕಲಿ ಇನ್ಸ್‌ಪೆಕ್ಟರ್ ವಿಷಯಾನೂ ನಮಗ ಮೊದಲ ಹೇಳ್ಲಿಲ್ಲ. ನನ್ನ ಮಾತು ನಾನು ಬಿಡೂದಿಲ್ಲ. ಆದ್ರ ದುರಸ್ತಿ ಮಾಡಿದ ಪ್ರಿಂಟಿನ್ಯಾಗ ಇನ್ನೊಮ್ಮೆ ನೋಡ್ತೀನಿ, ಸುಳಿವು ಸಿಕ್ರ ಇಲ್ಲೇ ಬಂದು ಹೇಳ್ತೀನಿ. ಸಿಗಲಿಲ್ಲಂದ್ರೂ ಹೇಳ್ತೀನಿ.

ಕುಡ್ಲದ ಮೀನು:
ನಿನ್ನೆ ರಾತ್ರಿ ನೋಡಿದೆ. ಕಳ್ಳ ಯಾರು ಅಂತ ಗೊತ್ತಿದ್ದೇ ನೋಡಿದ್ದು.

ಮೊದಲು ಸಿಟ್ಟಿನಲ್ಲೇ ಕೂತಿದ್ದೆ. ಆದರೆ ವಾಟ್ಸನ್ ಮತ್ತು ಆ ಡಂಕನ್-ಬ್ಲೀಕ್ ಒಟ್ಟಿಗೆ ಇರುವಾಗೆಲ್ಲ ನನಗೆ ಬೇರೆ ಏನೂ ನೋಡ್ಲಿಕ್ಕೆ ಆಗ್ಲಿಲ್ಲ. ಆ ಮುದುಕನ ಮುಖ ನೋಡಿ ಮಾರಾಯ್ರೆ. ಗೆಳೆಯ ಸಿಕ್ಕಿದ ಅಂತ ಎಷ್ಟು ಖುಷಿ ಅವನಿಗೆ. ಇನ್ನೊಬ್ಬ ನಗ್ತಾ ತಲೆ ಆಡಿಸ್ತಾ ಉಂಟು, ಒಳಗೆ ಎಲ್ಲ ಲೆಕ್ಕ ಹಾಕ್ತಾ ಉಂಟು. ವಾಟ್ಸನ್ನಿಗೆ ಕೂಗಿ ಹೇಳ್ಬೇಕು ಅನ್ನಿಸಿತು. ನಮ್ಮ ತಂದೆಗೆ ವ್ಯಾಪಾರದಲ್ಲಿ ಹೀಗೇ ಒಬ್ಬ ಸ್ನೇಹಿತ ಇದ್ದ. ದಿನಾ ಸಂಜೆ ಮನೆಗೆ ಬಂದು ನಮ್ಮ ಚಾವಡಿಯಲ್ಲಿ ಕೂತು ಚಾ ಕುಡಿದು ಹೋಗುವವ. ಅವನು ಹೋದ ಮೇಲೂ ಅಮ್ಮ ಎಷ್ಟೋ ದಿನ ಮೂರು ಲೋಟ ಇಡ್ತಾ ಇದ್ದರು. ಹೆಚ್ಚು ಬರೀಲಿಕ್ಕೆ ಆಗುವುದಿಲ್ಲ.

ಮೊದಲೇ ಗುಟ್ಟು ಹೇಳಿದ್ದಕ್ಕೆ ನನಗೆ ಈಗ ಬೇಸರ ಇಲ್ಲ, ರೀಲು ಡಬ್ಬಿಯವರೇ.

ಮಲೆನಾಡ ಜಿಗಣೆ:
ಕುಡ್ಲದವರೇ, ಬ್ರೂಸ್ ವಿಷಯದಲ್ಲಿ ನನ್ನನ್ನ ಇಷ್ಟು ಅಲ್ಲಾಡಿಸಿದ್ದು ನೀವೊಬ್ಬರೇ. ಇವತ್ತು ರಾತ್ರಿ ಮತ್ತೆ ಹಾಕ್ತೀನಿ, ಅವರ ಮುಖ ನೋಡೋಕೆ.

ರೀಲು ಡಬ್ಬಿ:
ಹದಿನಾಲ್ಕನೆಯದು 'ಡ್ರೆಸ್ಡ್ ಟು ಕಿಲ್', ಜೈಲಲ್ಲಿ ಮಾಡಿದ ಮೂರು ಸಂಗೀತದ ಪೆಟ್ಟಿಗೆಗಳ ಕಥೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡ್ತೀನಿ, ಶನಿವಾರದೊಳಗೆ ಎಲ್ಲರೂ ನೋಡಿಕೊಂಡು ಬನ್ನಿ. ಗಾರ್ಡ್ ಮಗ ಅವರೇ, ಅಪ್ಪನನ್ನೂ ಕೂರಿಸಿಕೊಳ್ಳಿ.

ಗಾರ್ಡ್ ಮಗ:
ಕೂರಿಸ್ತೀನಿ. ರೈಲು ಇದೆಯಾ ಅಂತ ಆಗಲೇ ಕೇಳ್ತಿದ್ದಾರೆ.